ಒಂದೇ ನರಮಂಡಲ, ಎರಡು ಪ್ರಶ್ನೆಪತ್ರಿಕೆ

ಹೃದಯ, ಶ್ವಾಸಕೋಶ, ಕಿಡ್ನಿ ಎಲ್ಲವನ್ನೂ ಹೇಗೋ ದಾಟಿ ಬಂದವರು ನರಮಂಡಲದ ಹತ್ತಿರ ಬಂದು ನಿಂತುಬಿಡುತ್ತಾರೆ. ಹೆಸರುಗಳು ಜಾಸ್ತಿ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಮಿದುಳಿನ ಬಲಗಡೆ ಪೆಟ್ಟಾದರೆ ಎಡಗೈ ಸೋಲುತ್ತದೆ. ನನಗೆ ಇದರ ಮೇಲೆ ಇನ್ನೊಂದು ಹೊರೆ ಇತ್ತು. ನರ್ಸಿಂಗ್ ಪರೀಕ್ಷೆಗೆ ಓದುತ್ತಿದ್ದಾಗಲೇ ನರವಿಜ್ಞಾನದ ಪೇಪರ್ ಒಂದನ್ನೂ ತೆಗೆದುಕೊಂಡಿದ್ದೆ. ಎರಡೂ ಪರೀಕ್ಷೆ ಹತ್ತಿರ ಹತ್ತಿರವೇ ಬಂದವು.

ಎರಡು ಸಿಲಬಸ್ಸನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಒಂದೇ. ಕೇಳುವ ರೀತಿ ಮಾತ್ರ ಬೇರೆ. ನರವಿಜ್ಞಾನದ ಪೇಪರ್ 'ಇದು ಯಾಕೆ ಹೀಗಾಗುತ್ತದೆ' ಅಂತ ಕೇಳುತ್ತದೆ. ನರ್ಸಿಂಗ್ ಪೇಪರ್ 'ಹೀಗಾಗಿದೆ, ನೀನು ಮೊದಲು ಏನು ಮಾಡುತ್ತೀ' ಅಂತ ಕೇಳುತ್ತದೆ. ಎರಡಕ್ಕೂ ಬೇರೆ ಬೇರೆ ನೋಟ್ಸ್ ಮಾಡಿಕೋ, ಇಲ್ಲದಿದ್ದರೆ ಕಲಸುಮೇಲೋಗರ ಆಗುತ್ತದೆ ಎಂದು ಹೇಳಿದವರೇ ಹೆಚ್ಚು. ನಾನು ಒಂದೇ ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ದೇಹದೊಳಗೆ ಏನು ನಡೆಯುತ್ತದೆ ಎನ್ನುವುದು. ಬಲಪುಟದಲ್ಲಿ ರೋಗಿಯ ಹಾಸಿಗೆ ಪಕ್ಕ ನಿಂತರೆ ಏನು ಕಾಣುತ್ತದೆ, ಏನು ಮಾಡಬೇಕು ಎನ್ನುವುದು. ಎಡಪುಟ ತುಂಬಿ ಬಲಪುಟ ಖಾಲಿ ಉಳಿದರೆ ಆ ಪಾಠ ಇನ್ನೂ ಮುಗಿದಿಲ್ಲ ಅಂತ ಲೆಕ್ಕ. ಬಲಪುಟ ತುಂಬಿ ಎಡಪುಟ ಖಾಲಿ ಇದ್ದರೂ ಅಷ್ಟೇ. ಅದು ಸುಮ್ನೆ ಬಾಯಿಪಾಠ.

ಶುರು ಮಾಡಿದ್ದು ನರಕೋಶದಿಂದ. ಸೋಮ (ಕೋಶದ ಒಡಲು), ಡೆಂಡ್ರೈಟ್ (ಸುದ್ದಿ ಪಡೆಯುವ ಕವಲು), ಆಕ್ಸಾನ್ (ಸುದ್ದಿ ಒಯ್ಯುವ ಉದ್ದ ಎಳೆ) ಇವೆಲ್ಲ ಶಾಲೆಯಲ್ಲೇ ಓದಿದ್ದು, ಅಲ್ಲಿ ನಿಲ್ಲಲಿಲ್ಲ. ಕಷ್ಟ ಇರುವುದು ಆಕ್ಷನ್ ಪೊಟೆನ್ಶಿಯಲ್‌ನಲ್ಲಿ, ಅಂದರೆ ನರಕೋಶದಲ್ಲಿ ಸಂದೇಶವಾಗಿ ಓಡುವ ವಿದ್ಯುತ್ತಿನ ಏರಿಳಿತದಲ್ಲಿ. ಸುಮ್ಮನಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಅದು ಮೈನಸ್ 55ರ ಆಸುಪಾಸಿಗೆ ಬಂದರೆ ಸೋಡಿಯಂ ಬಾಗಿಲುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಸೋಡಿಯಂ ಒಳಗೆ ನುಗ್ಗುತ್ತದೆ. ವೋಲ್ಟೇಜ್ ಪ್ಲಸ್ 30ರ ತನಕ ಏರುತ್ತದೆ. ಆಮೇಲೆ ಆ ಬಾಗಿಲು ಮುಚ್ಚಿ ಪೊಟ್ಯಾಸಿಯಂ ಬಾಗಿಲು ತೆರೆಯುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಗೆರೆ ಕೆಳಗಿಳಿಯುತ್ತದೆ. ಎಲ್ಲ ಮುಗಿಯಲು ಒಂದೆರಡು ಮಿಲಿಸೆಕೆಂಡ್.

ಈ ಗ್ರಾಫನ್ನು ಪುಸ್ತಕ ನೋಡಿ ಎಷ್ಟು ಸಲ ಬರೆದರೂ ಪ್ರಯೋಜನ ಕಡಿಮೆ. ನಾನು ಮಾಡುತ್ತಿದ್ದುದು ಇಷ್ಟು. ಖಾಲಿ ಹಾಳೆ ತೆಗೆದುಕೊಂಡು ಮೊದಲು ಎರಡು ಗೆರೆ ಎಳೆಯುವುದು, ಕೆಳಗೆ ಸಮಯ, ಪಕ್ಕದಲ್ಲಿ ಮಿಲಿವೋಲ್ಟ್. ಆಮೇಲೆ ಪೆನ್ನನ್ನು ನಿಧಾನವಾಗಿ ಮೇಲಕ್ಕೆ ಒಯ್ಯುತ್ತಾ ಬಾಯಲ್ಲಿ ಹೇಳುವುದು: ಈಗ ಯಾವ ಬಾಗಿಲು ತೆರೆದಿದೆ, ಯಾವುದು ಯಾವ ಕಡೆ ಹೋಗುತ್ತಿದೆ, ಯಾಕೆ. ತುದಿಗೆ ಬಂದಾಗ ಪೆನ್ನು ನಿಲ್ಲಿಸಿ 'ಇನ್ನೂ ಮೇಲೆ ಯಾಕೆ ಹೋಗುವುದಿಲ್ಲ' ಅಂತ ಕೇಳಿಕೊಳ್ಳುವುದು. ಸೋಡಿಯಂ ಬಾಗಿಲು ತಾನಾಗಿಯೇ ಮುಚ್ಚಿಕೊಂಡು ಸ್ವಲ್ಪ ಹೊತ್ತು ತೆರೆಯಲು ಒಪ್ಪುವುದಿಲ್ಲ ಎನ್ನುವುದು ಆಗ ತಲೆಗೆ ಹೋಗುತ್ತದೆ. ಸಂದೇಶ ಹಿಂದಕ್ಕೆ ಹೋಗದೆ ಒಂದೇ ದಿಕ್ಕಿಗೆ ಸಾಗುವುದೂ ಅದಕ್ಕೇ. ಎರಡು ಪ್ರಶ್ನೆಗೆ ಒಂದೇ ಉತ್ತರ.

ಇದನ್ನು ಕಂಡುಹಿಡಿದ ಕಥೆಯೂ ಚೆನ್ನಾಗಿದೆ. ಹಾಜ್‌ಕಿನ್ ಮತ್ತು ಹಕ್ಸ್ಲಿ ಎಂಬ ವಿಜ್ಞಾನಿಗಳು ಮನುಷ್ಯನ ನರದಲ್ಲಿ ಈ ಕೆಲಸ ಮಾಡಲಿಲ್ಲ, ಸ್ಕ್ವಿಡ್ ಎಂಬ ಸಮುದ್ರಜೀವಿಯ ನರದಲ್ಲಿ ಮಾಡಿದರು. ಅದರ ಆಕ್ಸಾನ್ ಒಂದು ಮಿಲಿಮೀಟರ್ ತನಕ ದಪ್ಪ ಇರಬಲ್ಲದು, ಒಳಗೆ ಎಲೆಕ್ಟ್ರೋಡ್ ತೂರಿಸಬಹುದು. 1952ರಲ್ಲಿ ಅವರ ಲೆಕ್ಕಾಚಾರ ಹೊರಬಂತು, 1963ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುವುದು ಅಪರೂಪ. ಆದರೆ ಇಂಥ ಒಂದು ಕಥೆ ಗೊತ್ತಿದ್ದರೆ ಪಾಠ ತಲೆಯಲ್ಲಿ ನಿಲ್ಲುತ್ತದೆ, ನನ್ನ ಮಟ್ಟಿಗಂತೂ.

ಇದರ ಬಲಪುಟಕ್ಕೆ ಏನು ಬರೆಯುವುದು? ಸೋಡಿಯಂ ಒಳಗೆ ಬಂದರೆ ರೋಗಿಗೆ ಏನಾಗಬೇಕು? ತುಂಬಾ ಹೊತ್ತು ಆ ಪುಟ ಖಾಲಿಯೇ ಇತ್ತು. ಸೋಡಿಯಂ-ಪೊಟ್ಯಾಸಿಯಂ ಪಂಪ್ ಓದಿದ ಮೇಲೆ ತುಂಬಿತು. ಕೋಶದ ಪೊರೆಯಲ್ಲಿರುವ ಈ ಪಂಪ್ ಒಂದು ಸುತ್ತಿನಲ್ಲಿ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಅದಕ್ಕೆ ಎಟಿಪಿ, ಅಂದರೆ ಕೋಶದ ಇಂಧನ, ಬೇಕು, ಎಟಿಪಿಗೆ ಆಮ್ಲಜನಕ ಬೇಕು. ಮೈತೂಕದಲ್ಲಿ ಮಿದುಳು ಬರೀ 2 ಶೇಕಡಾ, ಆದರೆ ದೇಹದ ಆಮ್ಲಜನಕದಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ಈಗ ರಕ್ತನಾಳವೊಂದು ಕಟ್ಟಿಕೊಂಡಿತು ಅಂದುಕೊಳ್ಳಿ. ಆಮ್ಲಜನಕ ಇಲ್ಲ, ಎಟಿಪಿ ಇಲ್ಲ, ಪಂಪ್ ನಿಂತಿತು. ಸೋಡಿಯಂ ಒಳಗೇ ಉಳಿಯಿತು. ಅದರ ಹಿಂದೆ ನೀರೂ ಬಂತು. ಕೋಶ ಊದಿಕೊಂಡಿತು. ತಲೆಬುರುಡೆಯೊಳಗೆ ಒತ್ತಡ ಏರಿತು. ರೋಗಿ ಮಂಕಾದರು. ಪಾರ್ಶ್ವವಾಯು ಆದ ರೋಗಿಯನ್ನು ಮೊದಲ ಕೆಲವು ದಿನ ಅಷ್ಟು ಕಟ್ಟುನಿಟ್ಟಾಗಿ ಗಮನಿಸುವುದು ಯಾಕೆ ಎನ್ನುವುದಕ್ಕೆ ಉತ್ತರ ಅಷ್ಟೂ ಆ ಪಂಪಿನಲ್ಲಿದೆ. ಪಾರ್ಶ್ವವಾಯುವಿನಲ್ಲಿ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಒಂದು ಅಂದಾಜು ಬಂದಿತ್ತು. ಆ ಸಂಖ್ಯೆಯನ್ನು ಬಲಪುಟದ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟೆ.

ಇದಾದ ಮೇಲೆ ಓದುವ ಹುಮ್ಮಸ್ಸು ಬಂತು ಅಂತಲೇ ಹೇಳಬೇಕು. ಒಂದು ಪುಟದ ಪಾಠ ಇನ್ನೊಂದು ಪುಟಕ್ಕೆ ದಾರಿ ಮಾಡಿಕೊಟ್ಟರೆ ಎರಡು ಪರೀಕ್ಷೆ ಎರಡು ಹೊರೆ ಅನ್ನಿಸುವುದಿಲ್ಲ.

ಮಯಲಿನ್, ಅಂದರೆ ಆಕ್ಸಾನಿನ ಸುತ್ತ ಇರುವ ಕೊಬ್ಬಿನ ಹೊದಿಕೆ, ಅದರ ಪಾಠ ಸುಲಭವಾಗಿ ಕೂತಿತು. ಮಿದುಳು ಮತ್ತು ಬೆನ್ನುಹುರಿಯಲ್ಲಿ ಮಯಲಿನ್ ಸುತ್ತುವುದು ಆಲಿಗೋಡೆಂಡ್ರೋಸೈಟ್, ಹೊರಗಿನ ನರಗಳಲ್ಲಿ ಶ್ವಾನ್ ಕೋಶ. ಇದನ್ನು ಬಾಯಿಪಾಠ ಮಾಡುವ ಬದಲು ಎರಡು ಕಾಯಿಲೆ ಪಕ್ಕದಲ್ಲಿ ಬರೆದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಪೆಟ್ಟು ಬೀಳುವುದು ಮೊದಲನೆಯದರ ಮಯಲಿನ್‌ಗೆ. ಹಾಗಾಗಿ ಕಣ್ಣು ಮಂಜಾಗುವುದು, ಸೆಕೆಯಲ್ಲಿ ಅಥವಾ ಬಿಸಿನೀರಿನ ಸ್ನಾನದಲ್ಲಿ ತೊಂದರೆ ಜಾಸ್ತಿಯಾಗುವುದು ಕಾಣುತ್ತದೆ. ಗಿಲಿಯನ್-ಬಾರಿಯಲ್ಲಿ ಸಾಮಾನ್ಯವಾಗಿ ಪೆಟ್ಟು ಬೀಳುವುದು ಎರಡನೆಯದರ ಮಯಲಿನ್‌ಗೆ. ಅದು ಹೆಚ್ಚಾಗಿ ಕಾಲಿನಿಂದ ಶುರುವಾಗಿ ಮೇಲೆ ಏರುತ್ತದೆ. ಮೇಲೆ ಏರುತ್ತಾ ಏರುತ್ತಾ ಉಸಿರಾಟದ ಸ್ನಾಯುಗಳಿಗೆ ಬಂದರೆ? ಅದಕ್ಕೇ ನರ್ಸಿಂಗ್ ಪರೀಕ್ಷೆಯಲ್ಲಿ ಗಿಲಿಯನ್-ಬಾರಿ ಬಂದರೆ ಮೊದಲ ಆದ್ಯತೆ ಕಾಲಿನ ಬಲ ಅಲ್ಲ, ಉಸಿರಾಟ. ರೋಗಿ ಒಂದೇ ಉಸಿರಿನಲ್ಲಿ ಎಷ್ಟರ ತನಕ ಎಣಿಸಬಲ್ಲರು ಅಂತ ನೋಡಿದರೂ ಸುಳಿವು ಸಿಗುತ್ತದೆ.

ನರಗಳ ವೇಗದ ಪಾಠದಲ್ಲಿ ಒಂದು ಮಜಾ ಇದೆ. ದಪ್ಪ ಮಯಲಿನ್ ಇರುವ ನರದಲ್ಲಿ ಸಂದೇಶ ಸೆಕೆಂಡಿಗೆ 120 ಮೀಟರ್ ತನಕ ಓಡಬಲ್ಲದು. ಮಯಲಿನ್ ಇಲ್ಲದ ಸಿ ನಾರುಗಳಲ್ಲಿ ಅರ್ಧದಿಂದ ಎರಡು ಮೀಟರ್, ಅಷ್ಟೇ. ಕಾಲ್ಬೆರಳು ಮಂಚಕ್ಕೆ ತಾಗಿದಾಗ ಮೊದಲು ಚುರುಕ್ಕೆಂದು ಒಂದು ನೋವು ಬಂದು, ಸ್ವಲ್ಪ ತಡೆದು ಉರಿಯುವ ಇನ್ನೊಂದು ನೋವು ಬರುತ್ತದಲ್ವಾ? ಎರಡು ಬೇರೆ ನಾರುಗಳು ಬೇರೆ ಬೇರೆ ವೇಗದಲ್ಲಿ ತಂದ ಸುದ್ದಿ ಅದು.

ನಿಜವಾಗಿ ಬೆವರಿಳಿಸಿದ್ದು ಬೆನ್ನುಹುರಿಯ ದಾರಿಗಳು. ಪರೀಕ್ಷೆಗೆ ಮುಖ್ಯವಾದವು ಮೂರು. ಮಿದುಳಿನಿಂದ ಸ್ನಾಯುವಿಗೆ ಆಜ್ಞೆ ಇಳಿಯುವ ಕಾರ್ಟಿಕೋಸ್ಪೈನಲ್ ದಾರಿ. ನೋವು, ಬಿಸಿ, ತಣ್ಣಗೆ ಮೇಲೆ ಹೋಗುವ ಸ್ಪೈನೋಥಲಾಮಿಕ್ ದಾರಿ. ಕಂಪನ, ಸೂಕ್ಷ್ಮ ಸ್ಪರ್ಶ, ಕೈಕಾಲು ಎಲ್ಲಿದೆ ಎನ್ನುವ ಅರಿವು ಹೋಗುವ ಡಾರ್ಸಲ್ ಕಾಲಮ್. ಮೂರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತವೆ. ದಾಟುವ ಜಾಗ ಬೇರೆ. ಮೊದಲನೆಯದು ಮತ್ತು ಮೂರನೆಯದು ಮೆಡುಲ್ಲಾದಲ್ಲಿ, ಅಂದರೆ ಮಿದುಳಕಾಂಡದ ಕೆಳತುದಿಯಲ್ಲಿ. ನಡುವಿನದು ಬೆನ್ನುಹುರಿಗೆ ಬಂದ ಕೂಡಲೇ, ಒಂದೆರಡು ಮಟ್ಟ ಮೇಲೇರುವಷ್ಟರಲ್ಲಿ.

ಮೂರು ಬಣ್ಣದ ಪೆನ್ನು ತೆಗೆದುಕೊಂಡು ಮಿದುಳಿನಿಂದ ಕಾಲಿನವರೆಗೆ ಮೂರು ಗೆರೆ ಎಳೆದೆ. ದಾಟುವ ಜಾಗದಲ್ಲಿ ಒಂದು ಚುಕ್ಕೆ. ಆಮೇಲೆ ಒಂದು ಸ್ಕೇಲ್ ತೆಗೆದುಕೊಂಡು ಬೆನ್ನುಹುರಿಯ ಎಡ ಅರ್ಧಕ್ಕೆ ಅಡ್ಡ ಇಟ್ಟೆ, ಅಲ್ಲಿ ಕತ್ತರಿಸಿದ ಹಾಗೆ. ಸ್ಕೇಲಿನ ಕೆಳಗೆ ಎಡಗಾಲಿನ ಬಲ ಹೋಯಿತು, ಎಡಗಾಲಿನ ಕಂಪನದ ಅರಿವು ಹೋಯಿತು. ನೋವಿನ ಅರಿವು ಹೋದದ್ದು ಮಾತ್ರ ಬಲಗಾಲಿನದು. ಇದೇ ಬ್ರೌನ್-ಸೆಕಾರ್ ಸಿಂಡ್ರೋಮ್. ಪುಸ್ತಕದಲ್ಲಿ ಓದುವಾಗ ಇದು ವಿಚಿತ್ರ ಅನ್ನಿಸುತ್ತದೆ. ಗೆರೆ ಎಳೆದು ನೋಡಿದರೆ ಬೇರೆ ಥರ ಆಗುವುದಕ್ಕೆ ಸಾಧ್ಯವೇ ಇಲ್ಲ. ಸ್ಕೇಲನ್ನು ಮೆಡುಲ್ಲಾದ ಮೇಲಕ್ಕೆ ಸರಿಸಿದರೆ ಮೂರೂ ಒಂದೇ ಕಡೆ ಹೋಗುತ್ತವೆ. ಸ್ಕೇಲನ್ನು ಅಲ್ಲಿ ಇಲ್ಲಿ ಸರಿಸಿ ಆಟ ಆಡುತ್ತಾ 'ಪೆಟ್ಟು ಎಲ್ಲಿ' ಎನ್ನುವ ಪ್ರಶ್ನೆಗಳನ್ನೆಲ್ಲ ಮುಗಿಸಿದೆ. ನರವಿಜ್ಞಾನದ ಪೇಪರಿಗೆ ಇದಕ್ಕಿಂತ ಲಾಭದ ಕೆಲಸ ನಾನು ಬೇರೆ ಮಾಡಿಲ್ಲ.

ಮುಖದ ನರಕ್ಕೂ ಇದೇ ಉಪಾಯ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಕಡೆಯಿಂದ ಆಜ್ಞೆ ಬರುತ್ತದೆ, ಕೆಳಮುಖಕ್ಕೆ ಮುಖ್ಯವಾಗಿ ಎದುರು ಕಡೆಯಿಂದ. ಹಾಗಾಗಿ ಮಿದುಳಿನ ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾದರೂ ಹಣೆ ಸುಕ್ಕುಗಟ್ಟಲು ಬರುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ನರವೇ ಕೆಟ್ಟಿರುವುದರಿಂದ ಹಣೆಯೂ ಏಳುವುದಿಲ್ಲ, ಕಣ್ಣೂ ಪೂರ್ತಿ ಮುಚ್ಚುವುದಿಲ್ಲ. ಬಲಪುಟ: ಬೆಲ್ಸ್ ಪಾಲ್ಸಿ ಆದವರ ಕಣ್ಣು ಒಣಗದ ಹಾಗೆ ಡ್ರಾಪ್ಸ್, ರಾತ್ರಿ ಕಣ್ಣು ಮುಚ್ಚಿ ಟೇಪ್.

ಬೆನ್ನುಹುರಿಯ ಒಂದೊಂದು ನರಕ್ಕೆ ಸೇರಿದ ಚರ್ಮದ ಭಾಗವೇ ಡರ್ಮಟೋಮ್. ಇವಕ್ಕೆ ನಕ್ಷೆ ನೋಡುತ್ತಾ ಕೂರಲಿಲ್ಲ, ಮೈಮೇಲೇ ಬರೆದುಕೊಂಡೆ. ಸಿ ಅಂದರೆ ಕುತ್ತಿಗೆಯ ಮಟ್ಟ, ಟಿ ಎದೆಯದು, ಎಲ್ ಸೊಂಟದ್ದು, ಎಸ್ ಅದಕ್ಕೂ ಕೆಳಗಿನದು. ಹೆಬ್ಬೆರಳಿನ ಮೇಲೆ ಸಿ6, ನಡುಬೆರಳಿಗೆ ಸಿ7, ಕಿರುಬೆರಳಿಗೆ ಸಿ8. ಎದೆತೊಟ್ಟಿನ ಮಟ್ಟ ಟಿ4, ಹೊಕ್ಕುಳು ಟಿ10. ಕಾಲಿನ ಕಿರುಬೆರಳ ಕಡೆ ಎಸ್1. ಕೈ ತೊಳೆದರೂ ಮಾಸಲು ಗೆರೆ ಉಳಿಯುತ್ತಿತ್ತು, ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ನರ ಸಿ3, ಸಿ4, ಸಿ5ರಿಂದ ಬರುತ್ತದೆ. ಕುತ್ತಿಗೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ವೆಂಟಿಲೇಟರ್ ಬೇಕಾಗುವುದು ಇದರಿಂದಲೇ. ದೊಡ್ಡವರಲ್ಲಿ ಬೆನ್ನುಹುರಿ ಎಲ್1, ಎಲ್2 ಮಟ್ಟದಲ್ಲಿ ಮುಗಿಯುತ್ತದೆ. ಬೆನ್ನಿನಿಂದ ಮಿದುಳಿನ ದ್ರವ ತೆಗೆಯುವ ಲಂಬಾರ್ ಪಂಕ್ಚರ್ ಸೂಜಿಯನ್ನು ಅದಕ್ಕಿಂತ ಕೆಳಗೆ, ಎಲ್3-ಎಲ್4 ಅಥವಾ ಎಲ್4-ಎಲ್5 ನಡುವೆ ಹಾಕುವುದು ಅದಕ್ಕೇ.

ಮಿದುಳಿನಿಂದಲೇ ನೇರವಾಗಿ ಹೊರಡುವ ಕ್ರೇನಿಯಲ್ ನರಗಳು 12 ಜೊತೆ. ಇವಕ್ಕೆ ಎಲ್ಲರ ಹತ್ತಿರವೂ ಒಂದೊಂದು ವಾಕ್ಯ ಇರುತ್ತದೆ, ಮೊದಲಕ್ಷರ ಜೋಡಿಸಿದ್ದು. ಇಂಥ ವಾಕ್ಯಗಳ ಮೇಲೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. ವಾಕ್ಯ ನೆನಪಿರುತ್ತದೆ, ಯಾವ ಅಕ್ಷರ ಯಾವ ನರದ್ದು ಅಂತ ಮರೆಯುತ್ತದೆ. ಅದರ ಬದಲು ಜೊತೆಗೆ ಓದುತ್ತಿದ್ದ ಗೆಳತಿಯನ್ನು ಎದುರು ಕೂರಿಸಿಕೊಂಡು ಒಂದರಿಂದ ಹನ್ನೆರಡರ ತನಕ ಪರೀಕ್ಷೆ ಮಾಡುತ್ತಿದ್ದೆ. ವಾಸನೆ, ನೋಟ, ಕಣ್ಣಿನ ಚಲನೆ, ಕೆನ್ನೆಯ ಸ್ಪರ್ಶ, ನಗು, ಕೇಳುವುದು, ನುಂಗುವುದು, ಭುಜ ಎತ್ತುವುದು, ನಾಲಿಗೆ ಚಾಚುವುದು. ಆಮೇಲೆ ಅವಳ ಸರದಿ. ನಗುವಿಗೇ ಅರ್ಧ ಸಮಯ ಹೋಗುತ್ತಿತ್ತು. ಆದರೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೈ ತಾನಾಗಿಯೇ ಆ ಕ್ರಮದಲ್ಲಿ ಹೋಯಿತು. ಒಂಬತ್ತು ಮತ್ತು ಹತ್ತನೇ ನರಗಳ ಬಲಪುಟ ಮಾತ್ರ ಎಲ್ಲಕ್ಕಿಂತ ಮುಖ್ಯ. ಪಾರ್ಶ್ವವಾಯು ಆದವರಿಗೆ ನುಂಗಲು ಬರುತ್ತದಾ ಅಂತ ಪರೀಕ್ಷಿಸುವ ತನಕ ಬಾಯಿಗೆ ಏನೂ ಹಾಕಬಾರದು. ನೀರೂ ಇಲ್ಲ, ಮಾತ್ರೆಯೂ ಇಲ್ಲ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಮಿದುಳಿನ ಹಾಲೆಗಳು, ಭ್ರೂಣದಲ್ಲಿ ನರಮಂಡಲ ಬೆಳೆಯುವ ಪಾಠ ಇವುಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಓದಬೇಕು, ಓದಿದೆ.

ನಮ್ಮ ಇಚ್ಛೆಗೆ ಕಾಯದೆ ಒಳಗಿನ ಅಂಗಗಳನ್ನು ನಡೆಸುವ ಅಟಾನಮಿಕ್ ನರಮಂಡಲ ಹಾಗಲ್ಲ. ಸಿಂಪಥೆಟಿಕ್ (ದೇಹವನ್ನು ತುರ್ತಿಗೆ ಸಜ್ಜು ಮಾಡುವುದು), ಪ್ಯಾರಾಸಿಂಪಥೆಟಿಕ್ (ವಿಶ್ರಾಂತಿಗೆ ತರುವುದು) ಅಂತ ಎರಡು ಕಾಲಂ ಮಾಡಿ ಕಣ್ಣು, ಹೃದಯ, ಶ್ವಾಸನಾಳ, ಕರುಳು, ಮೂತ್ರಕೋಶ ಅಂತ ತುಂಬಿಸುವ ದೊಡ್ಡ ಪಟ್ಟಿ ಎಲ್ಲ ಪುಸ್ತಕದಲ್ಲೂ ಇರುತ್ತದೆ. ಪಟ್ಟಿ ಬರೆದರೆ ನರವಿಜ್ಞಾನದಲ್ಲಿ ಅರ್ಧ ಅಂಕ ಬಂದೀತು. ನರ್ಸಿಂಗ್ ಪರೀಕ್ಷೆ ಔಷಧದ ಕಡೆಯಿಂದ ಬರುತ್ತದೆ. ಈ ರೋಗಿಗೆ ಅಸ್ತಮಾ ಇದೆ, ಪ್ರೊಪ್ರನಲಾಲ್ ಕೊಡಲು ಬರೆದಿದ್ದಾರೆ, ನೀನು ಏನು ಮಾಡುತ್ತೀ ಅಂತ. ರಾಸಾಯನಿಕ ಸಂದೇಶ ಹಿಡಿಯುವ ಗ್ರಾಹಕಗಳಲ್ಲಿ ಬೀಟಾ1 ಮುಖ್ಯವಾಗಿ ಹೃದಯದಲ್ಲಿ, ಬೀಟಾ2 ಶ್ವಾಸನಾಳದಲ್ಲಿ, ಪ್ರೊಪ್ರನಲಾಲ್ ಎರಡನ್ನೂ ತಡೆಯುತ್ತದೆ, ಶ್ವಾಸನಾಳ ಬಿಗಿಯುತ್ತದೆ ಅಂತ ಎಡಪುಟದಲ್ಲಿ ಇದ್ದರೆ ಸಾಕು. ಔಷಧ ತಡೆಹಿಡಿದು, ಬರೆದ ವೈದ್ಯರಿಗೆ ತಿಳಿಸಬೇಕು ಎನ್ನುವ ಉತ್ತರಕ್ಕೆ ಹೆಚ್ಚು ಯೋಚಿಸಬೇಕಾಗಿಲ್ಲ.

ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಅಂತ ತೋರಿಸಿದವರು ಆಟೋ ಲೋವಿ. 1921ರಲ್ಲಿ. ಪ್ರಯೋಗದ ಉಪಾಯ ಕನಸಿನಲ್ಲಿ ಬಂತಂತೆ. ನಿದ್ದೆಗಣ್ಣಿನಲ್ಲಿ ಚೀಟಿಯಲ್ಲಿ ಬರೆದಿಟ್ಟರಂತೆ, ಬೆಳಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲವಂತೆ. ಮರುರಾತ್ರಿ ಮತ್ತೆ ಅದೇ ಬಂದಾಗ ಎದ್ದು ನೇರ ಲ್ಯಾಬಿಗೆ ಹೋದರು ಅಂತ ಅವರೇ ಹೇಳಿಕೊಂಡ ಕಥೆ. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿದರು. ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವ ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ಆ ದ್ರವದಲ್ಲಿದ್ದುದು ಅಸಿಟೈಲ್‌ಕೋಲಿನ್. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಸಿಕ್ಕಿತು.

ಈ ಅಸಿಟೈಲ್‌ಕೋಲಿನ್ ಒಂದನ್ನು ಹಿಡಿದುಕೊಂಡು ನಾನು ಕ್ರಿಮಿನಾಶಕ ವಿಷದ ಪಾಠಕ್ಕೆ ಹೋದೆ. ಆರ್ಗನೋಫಾಸ್ಫೇಟ್ ಏನು ಮಾಡುತ್ತದೆ? ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ಎಲ್ಲ ಕಡೆ ತುಂಬಿಕೊಳ್ಳುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಎದೆಯಲ್ಲಿ ಕಫ, ವಾಂತಿ, ಭೇದಿ, ಸೂಜಿಮೊನೆಯಷ್ಟು ಕಣ್ಣಪಾಪೆ, ನಿಧಾನದ ನಾಡಿ. ಪ್ಯಾರಾಸಿಂಪಥೆಟಿಕ್ ಕಾಲಂ ಪೂರ್ತಿ ಒಬ್ಬ ರೋಗಿಯ ಮೇಲೆ ಬರೆದ ಹಾಗೆ. ಜೊತೆಗೆ ಬೆವರು. ಬೆವರಿನ ಗ್ರಂಥಿಗೆ ಹೋಗುವುದು ಸಿಂಪಥೆಟಿಕ್ ನರ, ಆದರೆ ಅಲ್ಲಿ ಬಿಡುಗಡೆಯಾಗುವುದು ಅಸಿಟೈಲ್‌ಕೋಲಿನ್. ಪರೀಕ್ಷಕರಿಗೆ ಈ ಅಪವಾದ ಅಂದರೆ ಬಲು ಇಷ್ಟ. ಚಿಕಿತ್ಸೆಗೆ ಅಸಿಟೈಲ್‌ಕೋಲಿನ್‌ನ ಕೆಲಸ ತಡೆಯುವ ಅಟ್ರೋಪಿನ್. ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು? ಪಾಪೆ ದೊಡ್ಡದಾಗುವ ತನಕ ಅಂತ ತುಂಬಾ ಜನ ಬರೆಯುತ್ತಾರೆ. ಮುಖ್ಯವಾಗಿ ನೋಡಬೇಕಾದದ್ದು ಎದೆ. ಕಫದ ಸದ್ದು ಹೋಗಿ ಉಸಿರಾಟ ತಿಳಿಯಾಗಬೇಕು, ನಾಡಿ ಮತ್ತು ರಕ್ತದೊತ್ತಡ ಸರಿಯಾಗಬೇಕು. ಅಟ್ರೋಪಿನ್ ನರ ಮತ್ತು ಸ್ನಾಯು ಕೂಡುವ ಸಂಧಿಯಲ್ಲಿ ಕೆಲಸ ಮಾಡುವುದಿಲ್ಲ, ಅಲ್ಲಿರುವುದು ನಿಕೋಟಿನಿಕ್ ಎಂಬ ಬೇರೆ ಬಗೆಯ ಗ್ರಾಹಕ. ಹಾಗಾಗಿ ಜೊಲ್ಲು ನಿಂತ ರೋಗಿಗೂ ಉಸಿರಾಟದ ಸ್ನಾಯು ಸೋಲಬಹುದು, ಕಣ್ಣಿಟ್ಟಿರಬೇಕು. ಈ ಒಂದೇ ವಿಷದಿಂದ ಎರಡೂ ಪುಟ ತುಂಬಿ ಇನ್ನೊಂದು ಹಾಳೆ ಅಂಟಿಸಬೇಕಾಯಿತು.

ಅದೇ ಸಂಧಿಯಲ್ಲಿ ಮಯಸ್ತೇನಿಯಾ ಗ್ರೇವಿಸ್ ಕೂಡ ಇದೆ. ಗ್ರಾಹಕಗಳಿಗೇ ಪೆಟ್ಟು, ದಿನ ಕಳೆದಂತೆ ಸುಸ್ತು, ಸಂಜೆಗೆ ರೆಪ್ಪೆ ಜೋಲುತ್ತದೆ. ಪಿರಿಡೋಸ್ಟಿಗ್ಮಿನ್ ಮಾತ್ರೆಯನ್ನು ಊಟಕ್ಕೆ ಸ್ವಲ್ಪ ಮೊದಲೇ ಕೊಟ್ಟರೆ ಅಗಿಯುವಾಗ, ನುಂಗುವಾಗ ಬಲ ಇರುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪಾಗೂ ಸಮಯವೇ ಮುಖ್ಯ. ಆ ಕಾಯಿಲೆಯಲ್ಲಿ ಮಿದುಳಿಗೆ ಕಡಿಮೆ ಬೀಳುವ ಡೋಪಮಿನ್ ರಕ್ತದಿಂದ ಮಿದುಳಿಗೆ ದಾಟಲಾರದು, ಲೆವೊಡೋಪಾ ದಾಟಿ ಅಲ್ಲಿ ಡೋಪಮಿನ್ ಆಗುತ್ತದೆ. ಆದರೆ ಅದು ದಾಟುವ ಬಾಗಿಲಿನಲ್ಲೇ ಪ್ರೋಟೀನಿನ ಅಮೈನೋ ಆಮ್ಲಗಳೂ ದಾಟುತ್ತವೆ. ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ಕೊಟ್ಟರೆ ಔಷಧದ ಪರಿಣಾಮ ಕುಗ್ಗಬಹುದು. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ ಎಂದು ವಾರ್ಡಿನಲ್ಲಿ ಹೇಳುವಾಗ ಅದು ಬರೀ ಶಿಸ್ತಿನ ಮಾತು ಅಂದುಕೊಂಡವರಿದ್ದಾರೆ.

ತಲೆಯೊಳಗಿನ ಒತ್ತಡದ ಪಾಠ ನನಗೆ ಅತಿ ಇಷ್ಟವಾದದ್ದು. ತಲೆಬುರುಡೆ ಮುಚ್ಚಳ ಬಿಗಿದ ಡಬ್ಬ. ಒಳಗೆ ಸುಮಾರು 80 ಶೇಕಡಾ ಮಿದುಳು, 10 ಶೇಕಡಾ ರಕ್ತ, 10 ಶೇಕಡಾ ಮಿದುಳಿನ ದ್ರವ. ಒಂದು ಜಾಸ್ತಿಯಾದರೆ ಇನ್ನೊಂದು ಜಾಗ ಬಿಡಬೇಕು. ಜಾಗ ಬಿಡಲು ಏನೂ ಉಳಿಯದಿದ್ದಾಗ ಒತ್ತಡ ಒಮ್ಮೆಲೇ ಏರುತ್ತದೆ. ಮಿದುಳಿಗೆ ರಕ್ತ ತಳ್ಳುವ ಬಲ ಅಂದರೆ ಸರಾಸರಿ ರಕ್ತದೊತ್ತಡದಲ್ಲಿ ತಲೆಯೊಳಗಿನ ಒತ್ತಡ ಕಳೆದರೆ ಉಳಿಯುವುದು. ಒಳಗಿನ ಒತ್ತಡ ಏರಿದರೆ ದೇಹ ರಕ್ತದೊತ್ತಡ ಏರಿಸಿ ಸರಿದೂಗಿಸಲು ನೋಡುತ್ತದೆ. ರಕ್ತದೊತ್ತಡ ಏರಿದ್ದನ್ನು ಕಂಡು ನಾಡಿ ನಿಧಾನವಾಗುತ್ತದೆ. ಮಿದುಳಕಾಂಡ ಒತ್ತಿಕೊಂಡು ಉಸಿರಾಟ ತಾಳ ತಪ್ಪುತ್ತದೆ. ಕುಶಿಂಗ್ ತ್ರಿವಳಿ ಅಂದರೆ ಇದೇ. ಶಾಕ್‌ನಲ್ಲಿ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಯಲ್ಲಿ, ಎಲ್ಲ ಉಲ್ಟಾ, ರಕ್ತದೊತ್ತಡ ಇಳಿಯುತ್ತದೆ, ನಾಡಿ ಓಡುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಕೇಳುವ ಪ್ರಶ್ನೆ ಬಂದೇ ಬರುತ್ತದೆ. ಬಲಪುಟದಲ್ಲಿ: ತಲೆಭಾಗ ಸುಮಾರು 30 ಡಿಗ್ರಿ ಎತ್ತರ, ಕುತ್ತಿಗೆ ನೇರ, ರೋಗಿ ತಿಣುಕದ ಹಾಗೆ ಮಲಬದ್ಧತೆ ತಡೆಯುವುದು, ಕಫ ತೆಗೆಯುವಾಗ ಚುಟುಕಾಗಿ ಮುಗಿಸುವುದು. ಕುತ್ತಿಗೆ ಓರೆಯಾದರೆ ರಕ್ತ ತಲೆಯಿಂದ ಇಳಿದು ಬರುವ ಅಭಿಧಮನಿ ಒತ್ತಿಕೊಳ್ಳುತ್ತದೆ, ಅದಕ್ಕೇ ಈ ನೇರ ಕುತ್ತಿಗೆಯ ಹಠ.

ರೋಗಿಯ ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲನ್ನು ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಪ್ರಕಟಿಸಿದರು. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6. ಕಡಿಮೆ ಅಂದರೆ 3, ಜಾಸ್ತಿ ಅಂದರೆ 15. ಸೊನ್ನೆ ಇಲ್ಲ, ಅದನ್ನೂ ಕೇಳುತ್ತಾರೆ. ಓದುವಾಗ ಸುಲಭ. ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಹಿರಿಯ ನರ್ಸ್ ಒಬ್ಬರು ಅಳೆಯುವುದನ್ನು ಹತ್ತಿರ ನಿಂತು ನೋಡಿದೆ. ಹಾಸಿಗೆಯ ಹತ್ತಿರ ಬಂದು ಮೊದಲು ಸುಮ್ಮನೆ ನಿಂತರು, ಕಣ್ಣು ತಾನಾಗಿ ತೆರೆದಿದೆಯಾ ಅಂತ. ಆಮೇಲೆ ಹೆಸರು ಹಿಡಿದು ಕರೆದರು. ಕಣ್ಣು ತೆರೆಯಲಿಲ್ಲ. ಕುತ್ತಿಗೆ ಮತ್ತು ಭುಜದ ನಡುವಿನ ಸ್ನಾಯುವನ್ನು ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಹಿಡಿದು ನಿಧಾನವಾಗಿ ಒತ್ತಡ ಹೆಚ್ಚಿಸಿದರು. ರೋಗಿಯ ಬಲಗೈ ಎದ್ದು ಕೊರಳೆಲುಬು ದಾಟಿ ಅವರ ಕೈಯನ್ನು ತಳ್ಳಲು ಬಂತು. ಎಡಗೈ ಮಡಚಿಕೊಂಡಿತು, ಅಷ್ಟೇ. ಚಾರ್ಟಿನಲ್ಲಿ ಚಲನೆಗೆ 5 ಬರೆದರು, ಎರಡರಲ್ಲಿ ಉತ್ತಮವಾದದ್ದು. ಎಡಗೈಯ ವ್ಯತ್ಯಾಸವನ್ನು ಬೇರೆಯಾಗಿ ಬರೆದರು. ಒಟ್ಟು ಅಂಕ ಮಾತ್ರ ಬರೆಯಬೇಡ, ಮೂರನ್ನೂ ಬಿಡಿಸಿ ಬರೆ ಅಂದರು. ಒಟ್ಟು 9 ಅಂತ ಬರೆದರೆ ಯಾವುದು ಕೆಟ್ಟಿತು ಅಂತ ಮುಂದಿನ ಪಾಳಿಯವರಿಗೆ ಗೊತ್ತಾಗುವುದಿಲ್ಲ. ಉಗುರು ಒತ್ತಿದರೆ ಕೈ ಎಳೆದುಕೊಳ್ಳುವುದು ಬೆನ್ನುಹುರಿಯ ಮಟ್ಟದ ಪ್ರತಿವರ್ತನೆಯೂ ಆಗಿರಬಹುದು ಅಂತ ನನ್ನ ಎಡಪುಟದಲ್ಲಿ ಮೊದಲೇ ಇತ್ತು. ಅವರು ಯಾಕೆ ಭುಜದ ಹತ್ತಿರ ಒತ್ತಿದರು ಎನ್ನುವುದು ಆಗ ಹೊಳೆಯಿತು.

ಓದುವ ವಿಧಾನದ ಬಗ್ಗೆ ಒಂದೆರಡು ಮಾತು. ಹೈಲೈಟರ್ ಹಿಡಿದು ಗೆರೆ ಹಾಕುವುದರಿಂದ ಪುಸ್ತಕ ಚೆಂದ ಕಾಣುತ್ತದೆ, ಇನ್ನೇನೂ ಆಗುವುದಿಲ್ಲ. ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯುವುದು ಮತ್ತೆ ಮತ್ತೆ ಓದುವುದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಸ್ವಲ್ಪ ಬಿಟ್ಟು ಬಿಟ್ಟು ಮರುಓದಬೇಕು ಎನ್ನುವುದು ಇನ್ನೂ ಹಳೆಯದು, 1885ರಲ್ಲಿ ನೆನಪಿನ ಬಗ್ಗೆ ಬರೆದ ಎಬಿಂಗ್‌ಹೌಸ್ ಕಾಲದ್ದು. ನೆನಪಿನ ಪಾಠ ಓದುತ್ತಲೇ ಅದನ್ನು ನಮ್ಮ ಮೇಲೆ ಪ್ರಯೋಗಿಸಿಕೊಳ್ಳುವ ಅವಕಾಶ ಬೇರೆ ಯಾವ ವಿಷಯದಲ್ಲೂ ಇಲ್ಲ ನೋಡಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರ ಜೊತೆ ನಾನು ವಾದಕ್ಕೆ ಹೋಗಲಿಲ್ಲ. ನಿದ್ದೆಯಲ್ಲಿ ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪ್ಪೋಕ್ಯಾಂಪಸ್ ಏನು ಮಾಡುತ್ತದೆ ಅಂತ ಓದಿದ ಮೇಲೆ ನಾನು ಮಲಗಿದೆ.

ನರವಿಜ್ಞಾನದ ಪೇಪರಿನಲ್ಲಿ ಆಕ್ಷನ್ ಪೊಟೆನ್ಶಿಯಲ್ ದೊಡ್ಡ ಪ್ರಶ್ನೆಯಾಗಿ ಬಂತು. ಗ್ರಾಫ್ ಬರೆದು ಪೆನ್ನಿನ ಜೊತೆ ಹೋದೆ. ಬ್ರೌನ್-ಸೆಕಾರ್ ಹೆಸರು ಹೇಳದೆ ಒಂದು ಕೇಸ್ ಕೊಟ್ಟಿದ್ದರು, ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಮೂರು ಗೆರೆ ಎಳೆದುಕೊಂಡು ಉತ್ತರಿಸಿದೆ. ನರ್ಸಿಂಗ್ ಪೇಪರಿನಲ್ಲಿ ಟಿ4 ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದ ರೋಗಿ, ಒಮ್ಮೆಲೇ ತಲೆಸಿಡಿತ, ರಕ್ತದೊತ್ತಡ 200ರ ಮೇಲೆ, ನಾಡಿ ನಿಧಾನ, ಮುಖ ಕೆಂಪು. ಮೊದಲು ಏನು ಮಾಡುತ್ತೀ? ವೈದ್ಯರಿಗೆ ಫೋನ್ ಮಾಡುವುದು, ಔಷಧ ಕೊಡುವುದು, ಮೂತ್ರದ ಕ್ಯಾಥೆಟರ್ ನೋಡುವುದು, ಎಬ್ಬಿಸಿ ಕೂರಿಸುವುದು ಅಂತ ನಾಲ್ಕು ಆಯ್ಕೆ. ನಾಲ್ಕೂ ಮಾಡಬೇಕಾದ್ದೇ. ಆದರೆ ಕೂರಿಸಿದರೆ ರಕ್ತ ಕಾಲಿನ ಕಡೆ ಇಳಿದು ಒತ್ತಡ ತಕ್ಷಣ ಸ್ವಲ್ಪ ತಗ್ಗುತ್ತದೆ, ಅದಕ್ಕೆ ಯಾರ ಅನುಮತಿಯೂ ಬೇಡ, ಕ್ಷಣವೂ ಬೇಡ. ಆಮೇಲೆ ಬಿಗಿಯಾದ ಬಟ್ಟೆ ಸಡಿಲಿಸಿ ಕ್ಯಾಥೆಟರ್ ಮಡಚಿಕೊಂಡಿದೆಯಾ ಅಂತ ನೋಡಬೇಕು. ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ, ತುಂಬಿದ ಮೂತ್ರಕೋಶ.

ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಕೇಳಿದ್ದು ಇನ್ನೂ ನೆನಪಿದೆ. ತಲೆಗೆ ಪೆಟ್ಟಾದ ರೋಗಿ, ಒಂದು ಗಂಟೆಯ ಹಿಂದೆ ಎರಡೂ ಪಾಪೆ ಸಮ ಇದ್ದವು, ಈಗ ಬಲಗಡೆಯದು ದೊಡ್ಡದಾಗಿದೆ, ಬೆಳಕಿಗೆ ಕುಗ್ಗುತ್ತಿಲ್ಲ. ಯಾಕೆ? ಮೂರನೇ ನರ ಒತ್ತಿಕೊಂಡಿದೆ ಎಂದೆ. ಕಣ್ಣಿನ ಚಲನೆ ಇನ್ನೂ ಸರಿ ಇದೆಯಲ್ಲ, ಪಾಪೆ ಮಾತ್ರ ಯಾಕೆ ಮೊದಲು ಹೋಯಿತು ಅಂತ ಮರುಪ್ರಶ್ನೆ. ಪಾಪೆ ಕುಗ್ಗಿಸುವ ಪ್ಯಾರಾಸಿಂಪಥೆಟಿಕ್ ನಾರುಗಳು ಆ ನರದ ಹೊರಮೈಯಲ್ಲಿ ಹೋಗುತ್ತವೆ, ಹೊರಗಿನಿಂದ ಒತ್ತಿದರೆ ಮೊದಲು ಪೆಟ್ಟು ಅವಕ್ಕೇ. ಸಕ್ಕರೆ ಕಾಯಿಲೆಯಲ್ಲಿ ಇದೇ ನರ ಕೆಟ್ಟಾಗ ಸಾಮಾನ್ಯವಾಗಿ ಪಾಪೆ ಉಳಿದು ಚಲನೆ ಹೋಗುತ್ತದೆ, ಯಾಕಂದರೆ ಅಲ್ಲಿ ರಕ್ತ ಸಿಗದೆ ಸೊರಗುವುದು ನರದ ಒಳಭಾಗ. ಅವರು ತಲೆಯಾಡಿಸಿ, ಸರಿ, ಇದೆಲ್ಲ ಗೊತ್ತಾಯಿತು, ಈಗ ರೋಗಿಯ ಹತ್ತಿರ ನೀನೊಬ್ಬಳೇ ಇದ್ದೀಯಾ ಅಂದರು. ಜಾಗ ಬಿಟ್ಟು ಹೋಗದೆ ತುರ್ತು ಸಹಾಯ ಕರೆಯುತ್ತೇನೆ, ಶ್ವಾಸಮಾರ್ಗ ನೋಡುತ್ತೇನೆ, ತಲೆಭಾಗ 30 ಡಿಗ್ರಿ, ಕುತ್ತಿಗೆ ನೇರ, ಆಮ್ಲಜನಕ, ಕೋಮಾ ಸ್ಕೇಲ್ ಮೂರೂ ಭಾಗ ಬಿಡಿಸಿ, ಪಾಪೆಯ ಅಳತೆ ಮತ್ತು ಬದಲಾದ ಹೊತ್ತು ವೈದ್ಯರಿಗೆ ಹೇಳುತ್ತೇನೆ, ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಮತ್ತು ಸಿಟಿ ಸ್ಕ್ಯಾನಿಗೆ ಸಿದ್ಧ ಮಾಡಿಕೊಳ್ಳುತ್ತೇನೆ ಎಂದೆ. ಲಂಬಾರ್ ಪಂಕ್ಚರ್ ಟ್ರೇಯನ್ನೂ ಸಿದ್ಧ ಮಾಡುತ್ತೀಯಾ ಅಂತ ಮೆಲ್ಲಗೆ ಸೇರಿಸಿದರು. ಇಲ್ಲ ಎಂದೆ. ಕೆಳಗಿನಿಂದ ದ್ರವ ತೆಗೆದರೆ ಮೇಲಿನ ಒತ್ತಡಕ್ಕೆ ಮಿದುಳು ಕೆಳಗೆ ಜಾರುತ್ತದೆ. ಅವರು ಅಂಕ ಬರೆದುಕೊಂಡು ಮುಂದಿನವರನ್ನು ಕರೆದರು.